ಬಿಲ್‌ನಲ್ಲಿ ಹೊಸ ಬ್ರೇಕ್ ಶೂ, ಗಾಡಿಯಲ್ಲಿ ಹಳೇದೇ!

ಸರ್ವಿಸ್‌ಗೆ ಬಿಟ್ಟ ಗಾಡಿ ವಾಪಸ್ ಬಂದಾಗ ನೀವು ಮೊದಲು ಏನು ನೋಡ್ತೀರಿ? ನಮ್ಮಲ್ಲಿ ಬಹಳಷ್ಟು ಜನ ನೋಡೋದು ಚೆನ್ನಾಗಿ ತೊಳೆದಿದ್ದಾರಾ ಅಂತ. ಗಾಡಿ ಫಳಫಳ ಹೊಳೀತಿದ್ರೆ ಒಳಗಿನ ಕೆಲಸವೂ ಆಗಿದೆ ಅಂತಲೇ ಮನಸ್ಸು ಒಪ್ಪಿಕೊಂಡುಬಿಡುತ್ತೆ. ಇದು ಸರ್ವಿಸ್ ಸೆಂಟರ್‌ನವರಿಗೂ ಗೊತ್ತು. ಅದಕ್ಕೇ ವಾಟರ್ ವಾಶ್ ಒಂದನ್ನ ಮಾತ್ರ ಯಾರೂ ತಪ್ಪಿಸಲ್ಲ. ಆಮೇಲೆ ಬಿಲ್ ವಾಟ್ಸ್ಆ್ಯಪ್‌ಗೆ ಪಿಡಿಎಫ್ ಆಗಿ ಬರುತ್ತೆ. ಕೊನೆಯ ಸಾಲಿನ ಮೊತ್ತ ನೋಡ್ತೀವಿ, ಯುಪಿಐ ಮಾಡ್ತೀವಿ, ಕೀ ತಗೊಂಡು ಹೊರಡ್ತೀವಿ.

ಆ ಕೊನೆಯ ಸಾಲಿನ ಮೇಲೆ ಇರೋ ಸಾಲುಗಳ ಬಗ್ಗೆ ಈ ಬರಹ.

ನಮ್ಮ ಮನೆ ಸುಂಕದಕಟ್ಟೆಯಲ್ಲಿ, ಮಾಗಡಿ ರಸ್ತೆಯಿಂದ ಸ್ವಲ್ಪ ಒಳಗೆ. ಹೊಸಹಳ್ಳಿಯಿಂದ ಕಡಬಗೆರೆವರೆಗಿನ ಮೆಟ್ರೊ ಮಾರ್ಗಕ್ಕೆ ಕೇಂದ್ರ ಸಂಪುಟ 2024ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಅದರಲ್ಲಿ ನಮ್ಮ ಏರಿಯಾಗೂ ಒಂದು ಸ್ಟೇಷನ್ ಇದೆ. ರೈಲು ಓಡೋವರೆಗೆ ಮಾತ್ರ ಸ್ಕೂಟರೇ ಗತಿ. ಮನೇಲಿರೋ 125 ಸಿಸಿ ಸ್ಕೂಟರ್ ಓಡಿಸೋದು ಹೆಚ್ಚಾಗಿ ನನ್ನ ತಂಗಿ. ಸುಮನಹಳ್ಳಿ ಜಂಕ್ಷನ್, ಕಾಮಾಕ್ಷಿಪಾಳ್ಯ ದಾಟಿ ಬಸವೇಶ್ವರನಗರದ ಆಫೀಸಿಗೆ ದಿನಾ ಹೋಗಿ ಬರ್ತಾಳೆ. ಆ ರಸ್ತೆ ಗೊತ್ತಿರೋರಿಗೆ ನಾನು ವಿವರಿಸಬೇಕಾಗಿಲ್ಲ. ಮುಂದೆ ಬಿಎಂಟಿಸಿ ಬಸ್ಸು, ಪಕ್ಕದಲ್ಲಿ ಕಬ್ಬಿಣದ ರಾಡ್ ಹೇರಿಕೊಂಡ ಟೆಂಪೋ, ಮಧ್ಯದಲ್ಲಿ ಎಲ್ಲಿಂದಲೋ ನುಗ್ಗೋ ಆಟೋ. ಐದು ನಿಮಿಷಕ್ಕೆ ಹತ್ತು ಸಲ ಬ್ರೇಕ್ ಹಿಡೀಬೇಕು.

ಕಳೆದ ನವೆಂಬರ್‌ನಲ್ಲಿ ಒಂದು ಶನಿವಾರ ಗಾಡಿಯನ್ನ ಸರ್ವಿಸ್‌ಗೆ ಬಿಟ್ಟೆ. ದೊಡ್ಡ ಬೋರ್ಡಿನ, ಎಸಿ ರೂಮಿನ ಸರ್ವಿಸ್ ಸೆಂಟರ್. ಮಧ್ಯಾಹ್ನ ಫೋನ್ ಬಂತು: 'ಸರ್, ಹಿಂದಿನ ಬ್ರೇಕ್ ಶೂ ಸವೆದಿದೆ, ಬೆಲ್ಟ್ ಬಿರುಕು ಬಿಟ್ಟಿದೆ, ಏರ್ ಫಿಲ್ಟರ್ ಹೋಗಿದೆ. ಚೇಂಜ್ ಮಾಡ್ಲಾ?' ಮೀಟಿಂಗ್‌ನಲ್ಲಿದ್ದೆ, ಮಾಡಿ ಅಂದೆ. ಸಂಜೆ ಬಿಲ್ ₹4,260. ಹನ್ನೊಂದು ಸಾಲು. ಅದರಲ್ಲಿ ಹಿಂದಿನ ಬ್ರೇಕ್ ಶೂ ಸೆಟ್ ₹310, ಅದನ್ನ ಹಾಕಿದ ಕೂಲಿ ₹180, ಮೇಲೆ ಜಿಎಸ್‌ಟಿ. ಒಟ್ಟು ₹578. ಗಾಡಿ ಹೊಳೀತಿತ್ತು. ಬ್ರೇಕ್ ಹಿಡಿದು ನೋಡಿದೆ, ಬಿಗಿಯಾಗೇ ಇತ್ತು.

ಮೂರು ವಾರ ಕಳೀತು. ಒಂದು ರಾತ್ರಿ ಊಟಕ್ಕೆ ಕೂತಾಗ ತಂಗಿ ಅಂದಳು, 'ಅಣ್ಣ, ಎಡಗಡೆ ಬ್ರೇಕ್ ಪೂರ್ತಿ ಒತ್ತಿದ್ರೂ ಹಿಡೀತಿಲ್ಲ ಕಣೋ. ಇವತ್ತು ಸುಮನಹಳ್ಳಿ ಸಿಗ್ನಲ್ ಹತ್ರ ಬಸ್ಸಿನ ಹಿಂದಕ್ಕೆ ಇಷ್ಟೇ ಬಾಕಿ ಇತ್ತು.' ಕೈಯಲ್ಲಿ ಒಂದು ಗೇಣು ತೋರಿಸಿದಳು. ಅಮ್ಮ ತುತ್ತು ಬಾಯಿಗೆ ಇಡೋದನ್ನೇ ನಿಲ್ಲಿಸಿದ್ರು.

ಹೊಸ ಶೂ ಹಾಕಿ ಮೂರೇ ವಾರ. ಓಡಿರೋದು 450 ಕಿಲೋಮೀಟರ್. ಸಾವಿರಾರು ಕಿಲೋಮೀಟರ್ ಬರಬೇಕಾದ ಶೂ ಇಷ್ಟು ಬೇಗ ಹೇಗೆ ಸವೀತು?

ಇಲ್ಲಿ ನಿಮಗೊಂದು ವಿಷಯ ಹೇಳಬೇಕು, ಯಾಕಂದ್ರೆ ಇದನ್ನ ಸರ್ವಿಸ್ ಸೆಂಟರ್‌ನವರು ತಾವಾಗೇ ಹೇಳಲ್ಲ. ಡ್ರಮ್ ಬ್ರೇಕ್ ಇರೋ ಹೆಚ್ಚಿನ ಸ್ಕೂಟರ್, ಬೈಕ್‌ಗಳಲ್ಲಿ ಶೂ ಎಷ್ಟು ಸವೆದಿದೆ ಅಂತ ಹೊರಗಿನಿಂದಲೇ ತೋರಿಸೋ ಒಂದು ಗುರುತು ಇರುತ್ತೆ. ಹಿಂದಿನ ಚಕ್ರದ ಹತ್ತಿರ ಬ್ರೇಕ್ ಕೇಬಲ್ ಬಂದು ಸೇರೋ ಪುಟ್ಟ ಕೈ ಇದೆಯಲ್ಲ, ಅಲ್ಲಿ ಒಂದು ಬಾಣ. ಅದರ ಪಕ್ಕ ಡ್ರಮ್ಮಿನ ಮುಚ್ಚಳದ ಮೇಲೆ ಒಂದು ಗೆರೆ ಅಥವಾ ತ್ರಿಕೋನ. ಬ್ರೇಕ್ ಪೂರ್ತಿ ಹಿಡಿದಾಗ ಬಾಣ ಆ ಗೆರೆಗೆ ಹೋಗಿ ಮುಟ್ಟಿದ್ರೆ ಶೂ ಬದಲಾಯಿಸೋ ಸಮಯ ಬಂದಿದೆ ಅಂತ ಅರ್ಥ. ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿ ಚಿತ್ರ ಸಮೇತ ಇದೆ. ನಮ್ಮ ಮನೇಲಿ ಆ ಪುಸ್ತಕ ಇನ್ನೂ ಪ್ಲಾಸ್ಟಿಕ್ ಕವರ್‌ನಲ್ಲೇ ಇತ್ತು.

ರಾತ್ರಿ ಹತ್ತೂವರೆಗೆ ಮೊಬೈಲ್ ಟಾರ್ಚ್ ಹಿಡಿದು ಕೆಳಗೆ ಹೋದೆ. ತಂಗಿ ಬ್ರೇಕ್ ಒತ್ತಿದಳು. ಬಾಣ ಗೆರೆಯನ್ನ ಮುಟ್ಟೋದಿರಲಿ, ದಾಟಿ ಹೋಗಿತ್ತು. ಕೇಬಲ್ ತುದಿಯಲ್ಲಿ ಬ್ರೇಕ್ ಬಿಗಿ ಮಾಡೋ ನಟ್ ಇರುತ್ತೆ, ಅದನ್ನ ಹೆಚ್ಚುಕಮ್ಮಿ ಕೊನೆಯವರೆಗೂ ತಿರುಗಿಸಿಟ್ಟಿದ್ರು. ಡೆಲಿವರಿ ದಿನ ಬ್ರೇಕ್ ಯಾಕೆ ಅಷ್ಟು ಬಿಗಿಯಾಗಿತ್ತು ಅಂತ ಆಗ ಗೊತ್ತಾಯ್ತು. ಸವೆದ ಶೂ ಹಾಗೇ ಬಿಟ್ಟು ನಟ್ ಬಿಗಿ ಮಾಡಿದ್ರೆ ಕೆಲವು ದಿನ ಬ್ರೇಕ್ ಹೊಸದರಂತೆಯೇ ಹಿಡಿಯುತ್ತೆ.

ಆದ್ರೆ ಅನುಮಾನ ಬೇರೆ, ಸಾಕ್ಷಿ ಬೇರೆ. ಒಬ್ಬ ಮೆಕ್ಯಾನಿಕ್ ಹುಡುಗನ ಮೇಲೆ ಸುಮ್ಮನೆ ಕಳ್ಳ ಅಂತ ಬೆರಳು ತೋರಿಸೋಕೆ ನಂಗೆ ಇಷ್ಟ ಇರಲಿಲ್ಲ. ಬೆಳಗ್ಗೆ ಗಾಡಿಯನ್ನ ತಳ್ಳಿಕೊಂಡು ಹೆಗ್ಗನಹಳ್ಳಿ ಕ್ರಾಸ್ ಹತ್ತಿರದ ಒಂದು ಸಣ್ಣ ಗ್ಯಾರೇಜಿಗೆ ಹೋದೆ. ನಡೆಸೋರು ಐವತ್ತರ ಆಸುಪಾಸಿನ ಒಬ್ಬರು. ಬಿಲ್ ತೋರಿಸಲಿಲ್ಲ. 'ಅಣ್ಣ, ಹಿಂದಿನ ಶೂ ನೋಡ್ಬೇಕು, ನಾನು ವಿಡಿಯೊ ಮಾಡ್ಕೊಳ್ಲಾ?' ಅಂದೆ. ಅವರು ನಕ್ಕು, 'ಮಾಡ್ಕೊಳ್ಳಿ ಸರ್, ನಮ್ದೇನೈತೆ' ಅಂದ್ರು.

ಹಿಂದಿನ ಶೂ ತೆಗೀಬೇಕಂದ್ರೆ ನಮ್ಮ ಗಾಡಿಯಲ್ಲಿ ಸೈಲೆನ್ಸರ್ ಬಿಚ್ಚಬೇಕು, ಆಮೇಲೆ ಆ್ಯಕ್ಸಲ್ ನಟ್ ಬಿಚ್ಚಿ ಚಕ್ರ ಹೊರಗೆ ತೆಗೀಬೇಕು. ಅವರು ಕೆಲಸ ಶುರು ಮಾಡೋ ಮೊದಲೇ ನಿಂತ್ರು. ನಟ್ ಮೇಲೆ ಬೆರಳಿಟ್ಟು, 'ಇದನ್ನ ಯಾವಾಗ ಬಿಚ್ಚಿದ್ರಿ?' ಅಂದ್ರು. ಮೂರು ವಾರದ ಹಿಂದೆ ಅಂದೆ. 'ಇಲ್ಲ ಸರ್. ಈ ನಟ್‌ಗೆ ಸ್ಪ್ಯಾನರ್ ಬಿದ್ದು ವರ್ಷದ ಮೇಲಾಗೈತೆ.'

ಹೇಗೆ ಹೇಳ್ತೀರಿ ಅಂದಾಗ ಅವರು ತೋರಿಸಿದ್ದು ನಂಗೆ ಯಾವ ಇಂಜಿನಿಯರಿಂಗ್ ಕಾಲೇಜೂ ಕಲಿಸದ ಪಾಠ. ಸ್ಪ್ಯಾನರ್ ಹಾಕಿದ ನಟ್‌ನ ಮೂಲೆಗಳಲ್ಲಿ ತುಕ್ಕು ಉಜ್ಜಿಹೋಗಿ ಲೋಹ ಹೊಳೆಯುತ್ತೆ. ನಮ್ಮ ನಟ್‌ನ ಆರೂ ಮೂಲೆಯಲ್ಲಿ ಒಂದೇ ಸಮನಾದ ಕಂದು ತುಕ್ಕು. ಎಳೆಗಳ ಸಂದಿಯಲ್ಲಿ ಮಳೆಗಾಲದ ಕೆಸರು ಒಣಗಿ ಗಟ್ಟಿಯಾಗಿತ್ತು. ಎಷ್ಟೇ ಜೋರಾಗಿ ನೀರು ಹೊಡೆದು ತೊಳೆದ್ರೂ ಅಲ್ಲಿನ ಕೆಸರು ಹೋಗಲ್ಲ, ಬಿಚ್ಚಿದ್ರೆ ಮಾತ್ರ ಉದುರುತ್ತೆ.

ಚಕ್ರ ಹೊರಗೆ ಬಂತು. ಶೂ ಗಾಜಿನ ಹಾಗೆ ನುಣ್ಣಗೆ ಮಿಂಚ್ತಿತ್ತು. ಅದನ್ನ ಕೈಯಲ್ಲಿ ಹಿಡಿದಾಗ ನಂಗೆ ಸಿಟ್ಟಿಗಿಂತ ಮೊದಲು ಬಂದಿದ್ದು ಆ ಬಸ್ಸಿನ ಹಿಂಭಾಗದ ಚಿತ್ರ.

ಅಲ್ಲೇ ಬೆಲ್ಟ್ ಕವರ್, ಏರ್ ಫಿಲ್ಟರ್ ಡಬ್ಬಿ ಎರಡನ್ನೂ ತೆಗೆಸಿ ನೋಡಿದೆ. ಬೆಲ್ಟ್ ಹೊಸದೇ, ಮೇಲಿನ ಅಕ್ಷರಗಳು ಇನ್ನೂ ಅಳಿಸಿರಲಿಲ್ಲ. ಫಿಲ್ಟರ್ ಕೂಡ ಹೊಸದು. ಅಂದ್ರೆ ಹೆಚ್ಚು ಬೆಲೆಯ ಕೆಲಸ ಸರಿಯಾಗೇ ಮಾಡಿದ್ದಾರೆ. ಇದನ್ನ ಹೇಳದೇ ಹೋದ್ರೆ ಅನ್ಯಾಯ ಆಗುತ್ತೆ. ಬೆಲ್ಟ್ ಬದಲಿಸೋಕೆ ಒಂದು ಬದಿಯ ಕವರ್ ಬಿಚ್ಚಿದ್ರೆ ಸಾಕು, ಫಿಲ್ಟರ್‌ಗೆ ನಾಲ್ಕೈದು ಸ್ಕ್ರೂ. ಸೈಲೆನ್ಸರ್, ಚಕ್ರ ಎಲ್ಲ ಬಿಚ್ಚಬೇಕಾದ ಕೆಲಸ ಮಾತ್ರ ಆಗಿರಲಿಲ್ಲ.

ಬಿಲ್‌ನಲ್ಲಿ ಇನ್ನೊಂದು ಸಾಲಿತ್ತು: ಥ್ರಾಟಲ್ ಬಾಡಿ ಕ್ಲೀನಿಂಗ್, ₹350. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದ ಮೇಲೆ ಸ್ಕೂಟರ್‌ಗಳಲ್ಲಿ ಕಾರ್ಬ್ಯುರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂತಲ್ಲ, ಅದರ ಜೊತೆ ಬಂದ ಹೊಸ ಸಾಲು ಇದು. ಮಾಡಿದ್ದಾರಾ ಅಂತ ಕೇಳಿದೆ. ಅಣ್ಣ ಕೈ ಆಡಿಸಿದ್ರು. 'ಅದು ದೇವ್ರಿಗೇ ಗೊತ್ತು ಸರ್.' ಕೋಟಿಂಗ್, ಕ್ಲೀನಿಂಗ್, ಟ್ಯೂನಿಂಗ್, 'ಕನ್ಸ್ಯೂಮಬಲ್ಸ್', ಇವೆಲ್ಲ ಗುರುತು ಉಳಿಸದ ಕೆಲಸಗಳು. ನಮ್ಮ ಕಣ್ಣೆದುರು ಮಾಡಿದ್ರೆ ಉಂಟು, ಇಲ್ಲದಿದ್ರೆ ಇಲ್ಲ. ಇಂಥ ಸಾಲುಗಳಿಗೆ ನಾನು ಈಗ ಮೊದಲೇ ಬೇಡ ಅಂತ ಹೇಳಿಬಿಡ್ತೀನಿ. ಬೇಕೇ ಬೇಕು ಅನಿಸಿದ್ರೆ ಪಕ್ಕದಲ್ಲಿ ನಿಂತು ಮಾಡಿಸ್ತೀನಿ.

ಹೊಸ ಶೂ ಅಲ್ಲೇ ಹಾಕಿಸಿದೆ. ಹಳೇದನ್ನ ಕವರ್‌ನಲ್ಲಿ ಹಾಕಿಕೊಂಡು ಮನೆಗೆ ಬಂದು ಕೆಳಗಿನ ಮನೆ ಅಂಕಲ್ ಕೈಗೆ ಕೊಟ್ಟೆ. ಸುಂಕದಕಟ್ಟೆ ಗೊತ್ತಲ್ಲ, ಪೀಣ್ಯದ ಕೈಗಾರಿಕೆಗೆ ಬೇಕಾದ ಸಣ್ಣಪುಟ್ಟ ಜಾಬ್ ವರ್ಕ್ ಇಲ್ಲಿನ ಗಲ್ಲಿಗಳಲ್ಲೇ ನಡೆಯುತ್ತೆ. ಅಂಕಲ್ ಅವರದ್ದೂ ಒಂದು ಲೇಥ್ ಶಾಪ್. ವರ್ನಿಯರ್ ತೆಗೆದು ಅಳೆದ್ರು: ಶೂ ಮೇಲಿನ ಪದರ 1.7 ಮಿಲಿಮೀಟರ್. ಹೊಸ ಶೂನಲ್ಲಿ 4ರ ಹತ್ತಿರ ಇರುತ್ತೆ. 'ನಾನು ಮಾಡಿಕೊಟ್ಟ ಒಂದು ಬುಷ್‌ನ ಪಾರ್ಟಿಯವರು ಅಳತೆ ನೋಡದೇ ತಗೊಂಡಿದ್ದು ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಇಲ್ಲ. ನೀವು ಓದಿದೋರು ಅಳತೆನೂ ನೋಡಲ್ಲ, ಹಳೇ ಪೀಸೂ ಕೇಳಲ್ಲ' ಅಂದ್ರು. ಆ ಮಾತಿಗೆ ನಾನೇನು ಉತ್ತರ ಕೊಡಲಿ.

ಸರ್ವಿಸ್ ಸೆಂಟರ್‌ಗೆ ಹೋದಾಗ ಕೌಂಟರ್ ಹುಡುಗ ಕಂಪ್ಯೂಟರ್ ನೋಡಿ ಹೇಳಿದ, 'ಸರ್, ಸಿಸ್ಟಮ್‌ನಲ್ಲಿ ಶೂ ಇಶ್ಯೂ ಆಗಿದೆ. ಇಶ್ಯೂ ಆಗಿದೆ ಅಂದ್ರೆ ಹಾಕಿದ್ದಾರೆ ಅಂತಲೇ.' ನಾನು ಸಾಫ್ಟ್‌ವೇರ್‌ನವನು. ಟಿಕೆಟ್ ಕ್ಲೋಸ್ ಆಗಿದೆ, ಹಾಗಾಗಿ ಬಗ್ ಹೋಗಿದೆ ಅಂತ ನಮ್ಮ ಟೆಸ್ಟರ್ ಎದುರು ಹೇಳಿದ್ರೆ ಏನಾಗುತ್ತೆ ಅಂತ ನಂಗೆ ಚೆನ್ನಾಗಿ ಗೊತ್ತು.

ಆಮೇಲೆ ಮ್ಯಾನೇಜರ್ ಬಂದ್ರು. 'ಮೂರು ವಾರ ಆಗಿದೆಯಲ್ಲ ಸರ್, ಮಧ್ಯದಲ್ಲಿ ಹೊರಗಡೆ ಯಾರಾದ್ರೂ ಹಳೇ ಶೂ ಹಾಕಿರಬಹುದು' ಅಂದ್ರು. ಈ ಮಾತು ಬರುತ್ತೆ ಅಂತಲೇ ನಾನು ವಿಡಿಯೊವನ್ನ ಓಡೋಮೀಟರ್‌ನಿಂದ ಶುರು ಮಾಡಿ, ನಟ್ ಬಿಚ್ಚೋದರಿಂದ ಶೂ ಹೊರಗೆ ಬರೋವರೆಗೆ ಎಲ್ಲೂ ನಿಲ್ಲಿಸದೆ ತೆಗೆದಿದ್ದೆ. ನಟ್‌ನ ಫೋಟೊ ತೋರಿಸಿದೆ. 'ಯಾರಾದ್ರೂ ಬಿಚ್ಚಿ ಹಳೇದು ಹಾಕಿದ್ರೆ ಈ ತುಕ್ಕು ಹೇಗೆ ಉಳೀತು ಸರ್?' ಅವರು ಸ್ವಲ್ಪ ಹೊತ್ತು ಫೋಟೊ ದೊಡ್ಡದು ಮಾಡಿ ನೋಡಿದ್ರು. ಹುಡುಗ ಮರೆತಿರಬಹುದು ಅಂದ್ರು. ಮುಂದಿನ ಸರ್ವಿಸ್ ಫ್ರೀ ಮಾಡಿಕೊಡ್ತೀವಿ ಅಂದ್ರು.

ಹುಡುಗ ಮರೆತಿರಬಹುದು, ಸರಿ. ಆದ್ರೆ ಕೇಬಲ್ ಬಿಗಿ ಮಾಡೋದನ್ನ ಮರೀಲಿಲ್ಲ. ಕೂಲಿ ₹180 ಹಾಕೋದನ್ನಂತೂ ಯಾರೂ ಮರೀಲಿಲ್ಲ.

ಫ್ರೀ ಸರ್ವಿಸ್ ಬೇಡ, ಆ ₹578ಕ್ಕೆ ಕ್ರೆಡಿಟ್ ನೋಟ್ ಕೊಡಿ ಅಂತ ಕೇಳಿದೆ. ಕೂಪನ್ ತಗೊಂಡ್ರೆ ಅದು ಅವರ ಔದಾರ್ಯ ಆಗುತ್ತೆ, ಕ್ರೆಡಿಟ್ ನೋಟ್ ಕೊಟ್ರೆ ಆ ಸಾಲು ಬಿಲ್‌ನಲ್ಲಿ ಇರಬಾರದಿತ್ತು ಅಂತ ಅವರೇ ಬರೆದುಕೊಟ್ಟ ಹಾಗೆ. ಒಪ್ಪಲಿಲ್ಲ. ಮನೆಗೆ ಬಂದು ಫೋಟೊ, ವಿಡಿಯೊ, ಬಿಲ್ ಸಮೇತ ಇಮೇಲ್ ಹಾಕಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ. ಕನ್ನಡದಲ್ಲೇ ಮಾತಾಡಬಹುದು. ಹನ್ನೊಂದನೇ ದಿನ ಕ್ರೆಡಿಟ್ ನೋಟ್ ಬಂತು, ದುಡ್ಡೂ ಬಂತು.

ಸ್ನೇಹಿತರಿಗೆ ಹೇಳಿದಾಗ ಅರ್ಧ ಜನ ಅಂದಿದ್ದು, '₹578ಕ್ಕೆ ಇಷ್ಟೊಂದಾ ಮಾರಾಯ?' ಇನ್ನರ್ಧ ಜನ ತಮ್ಮ ಬಿಲ್ ಹುಡುಕೋಕೆ ಶುರು ಮಾಡಿದ್ರು.

ಇದು ನಮ್ಮೂರಿಗೆ ಮಾತ್ರ ಅಂಟಿದ ರೋಗ ಅಂದ್ಕೋಬೇಡಿ. 1941ರಲ್ಲಿ ಅಮೆರಿಕದ ರೀಡರ್ಸ್ ಡೈಜೆಸ್ಟ್ ಪತ್ರಿಕೆ ಒಂದು ಪರೀಕ್ಷೆ ಮಾಡಿತ್ತು. ಕಾರಿನ ಕಾಯಿಲ್ ವೈರ್ ಒಂದನ್ನ ಬೇಕಂತಲೇ ಕಿತ್ತು, 347 ಗ್ಯಾರೇಜ್‌ಗಳಿಗೆ ತಗೊಂಡು ಹೋದ್ರು. ವೈರ್ ಸಿಕ್ಕಿಸಿದ್ರೆ ಮುಗೀತು. ಆದ್ರೆ 63% ಗ್ಯಾರೇಜ್‌ಗಳು ಇಲ್ಲದ ತೊಂದರೆ ಹೇಳಿಯೋ, ಮಾಡದ ಕೆಲಸಕ್ಕೆ ದುಡ್ಡು ಕೇಳಿಯೋ ಮೋಸ ಮಾಡಿದವು. ಐವತ್ತು ವರ್ಷ ಆದಮೇಲೆ ಕ್ಯಾಲಿಫೋರ್ನಿಯಾ ಸರ್ಕಾರದ ವಾಹನ ರಿಪೇರಿ ನಿಯಂತ್ರಣ ಇಲಾಖೆಯವರು ಗಿರಾಕಿಗಳ ವೇಷದಲ್ಲಿ ಸಿಯರ್ಸ್ ಅನ್ನೋ ದೊಡ್ಡ ಕಂಪನಿಯ ಗ್ಯಾರೇಜ್‌ಗಳಿಗೆ 38 ಸಲ ಹೋದ್ರು. 34 ಸಲ ಬೇಡದ ರಿಪೇರಿಗೆ ಬಿಲ್ ಆಯ್ತು ಅಂತ ಇಲಾಖೆ 1992ರಲ್ಲಿ ಆರೋಪಿಸಿತು. ಆಮೇಲೆ ಕಂಪನಿಯ ಅಧ್ಯಕ್ಷರೇ ಒಪ್ಪಿಕೊಂಡರು, ನಾವು ಇಟ್ಟ ಟಾರ್ಗೆಟ್, ಕಮಿಷನ್ ಪದ್ಧತಿಯೇ ಇಂಥ ತಪ್ಪುಗಳಿಗೆ ದಾರಿ ಮಾಡಿಕೊಟ್ಟಿತು ಅಂತ. ಟಾರ್ಗೆಟ್ ಅಂದ ಕೂಡಲೇ ನಮ್ಮ ಐಟಿ ಮಂದಿಗೆ ಬೇರೆ ವಿವರಣೆ ಬೇಡ.

ಅರ್ಥಶಾಸ್ತ್ರದಲ್ಲಿ ಇದಕ್ಕೊಂದು ಹೆಸರಿದೆ. 1973ರಲ್ಲಿ ಡಾರ್ಬಿ ಮತ್ತು ಕಾರ್ನಿ ಅನ್ನೋ ಇಬ್ಬರು ಬರೆದ ಪ್ರಬಂಧದಲ್ಲಿ 'ಕ್ರೆಡೆನ್ಸ್' ಸರಕು ಅನ್ನೋ ಪದ ಬಂತು. ಕೊಂಡು ಬಳಸಿದ ಮೇಲೂ ಸರಿಯಾಗಿತ್ತಾ ಅಂತ ಸುಲಭಕ್ಕೆ ಗೊತ್ತಾಗದ ಸೇವೆ, ನಂಬಿಕೆ ಮೇಲೇ ಕೊಳ್ಳಬೇಕಾದದ್ದು. ದೋಸೆ ಕೆಟ್ಟಿದ್ರೆ ಬಾಯಿಗಿಟ್ಟ ತಕ್ಷಣ ಗೊತ್ತಾಗುತ್ತೆ. ಡಾಕ್ಟರು ಬರೆದ ಟೆಸ್ಟು, ಮೆಕ್ಯಾನಿಕ್ ಹೇಳಿದ ರಿಪೇರಿ ಹಾಗಲ್ಲ. ಏನು ಬೇಕು ಅಂತ ಹೇಳೋರೂ ಅವರೇ, ಮಾಡೋರೂ ಅವರೇ, ಮಾಡಿದ್ದೀವಿ ಅಂತ ಬರೆಯೋರೂ ಅವರೇ.

ಕ್ಯಾಲಿಫೋರ್ನಿಯಾ ಇದಕ್ಕೆ ಕಂಡುಕೊಂಡ ಉಪಾಯ ಬಹಳ ಸರಳ. 1971ರಲ್ಲೇ ತಂದ ವಾಹನ ರಿಪೇರಿ ಕಾಯ್ದೆ ಪ್ರಕಾರ, ಗಾಡಿ ಬಿಡುವಾಗಲೇ ಕೇಳಿದ್ರೆ ಬದಲಾಯಿಸಿದ ಹಳೇ ಭಾಗಗಳನ್ನ ವಾಪಸ್ ಕೊಡಬೇಕು. ನಮ್ಮಲ್ಲೂ ಇದೇ ಬುದ್ಧಿ ಒಂದು ಕಡೆ ಕೆಲಸ ಮಾಡುತ್ತೆ. ಗಾಡಿ ಗುದ್ದಿಸಿಕೊಂಡು ಇನ್ಶೂರೆನ್ಸ್ ಕ್ಲೇಮ್ ಮಾಡಿದಾಗ ನೋಡಿ. ದೊಡ್ಡ ಕ್ಲೇಮ್ ಆದ್ರೆ ಸರ್ವೇಯರ್ ಮತ್ತೆ ಬಂದು, ಹೊಸ ಭಾಗ ಹಾಕಿದ್ದಾರಾ ಅಂತ ನೋಡಿ, ಹಳೇದರ ಗುಜರಿ ಬೆಲೆಯನ್ನೂ ಲೆಕ್ಕ ಹಾಕ್ತಾರೆ. ತಮ್ಮ ದುಡ್ಡು ಹೋಗುವಾಗ ಕಂಪನಿಗಳು ಯಾರನ್ನೂ ನಂಬಲ್ಲ, ನಾವು ಮಾತ್ರ ಪಿಡಿಎಫ್ ನಂಬ್ತೀವಿ.

ಕಾನೂನು ನಮ್ಮ ಕೈಬಿಟ್ಟಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆ 2020ರ ಜುಲೈಯಿಂದ ಜಾರಿಯಲ್ಲಿದೆ. ದುಡ್ಡು ತಗೊಂಡು ಒಪ್ಪಿದ ಕೆಲಸ ಮಾಡದಿದ್ರೆ ಅದು ಸೇವಾ ನ್ಯೂನತೆ. ಕೊಟ್ಟ ಸೇವೆಗೆ ಬಿಲ್ ಕೊಡದೇ ಇರೋದು ಅನುಚಿತ ವ್ಯಾಪಾರ ಪದ್ಧತಿ, ಹಾಗಾಗಿ 'ಬಿಲ್ ಬೇಡ ಅಂದ್ರೆ ನೂರು ಕಮ್ಮಿ ಮಾಡ್ತೀನಿ' ಅನ್ನೋ ಮಾತಿಗೆ ಬೀಳಬೇಡಿ. ಆ ನೂರಕ್ಕೆ ನಿಮ್ಮ ಸಾಕ್ಷಿಯನ್ನೇ ಮಾರಿದ ಹಾಗೆ. 1915ರಲ್ಲಿ ಬಗೆಹರಿಯದಿದ್ರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಎರಡು ವರ್ಷದೊಳಗೆ ದೂರು ಹಾಕಬೇಕು, 2025ರ ಜನವರಿಯಲ್ಲಿ ಶುರುವಾದ ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು. ನೀವು ಕೊಟ್ಟ ಹಣ ₹5 ಲಕ್ಷದೊಳಗಿದ್ರೆ ಶುಲ್ಕ ಇಲ್ಲ. ಅಂಗಡಿ ಎಲ್ಲೇ ಇರಲಿ, ನೀವು ವಾಸ ಇರೋ ಜಿಲ್ಲೆಯಲ್ಲೇ ದೂರು ಕೊಡಬಹುದು. ಊರಿಗೆ ಹೋದಾಗ ದಾರಿಯಲ್ಲಿ ಕಾರ್ ರಿಪೇರಿ ಮಾಡಿಸಿ ಮೋಸ ಹೋದೋರಿಗೆ ಇದು ದೊಡ್ಡ ಅನುಕೂಲ.

ಆದ್ರೆ ಆಯೋಗದ ಮುಂದೆಯೂ ಮಾತಿಗಿಂತ ವಸ್ತು ಮುಖ್ಯ. ಹೊರಗಿನ ಗ್ಯಾರೇಜಿನಲ್ಲಿ ಬಿಚ್ಚಿಸಿದ್ರೆ, ಬಿಚ್ಚಿದ ದಿನಾಂಕ, ಓಡೋಮೀಟರ್, ಕಂಡ ಸ್ಥಿತಿ ಇಷ್ಟನ್ನ ಆ ಮೆಕ್ಯಾನಿಕ್ ಹತ್ತಿರ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಬಿಲ್‌ನಲ್ಲಿ ಜಿಎಸ್‌ಟಿ ಹಾಕಿದ್ರೆ ನಂಬರ್ ಇದೆಯಾ ನೋಡಿ. ಕರ್ನಾಟಕದ್ದು 29ರಿಂದ ಶುರುವಾಗುತ್ತೆ, 15 ಅಕ್ಷರ, ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದ್ರೆ ಯಾರ ಹೆಸರಲ್ಲಿದೆ ಅಂತ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತೆ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ತೆರಿಗೆ 28%ನಿಂದ 18%ಕ್ಕೆ ಇಳಿದಿದೆ, ಅದನ್ನೂ ಒಮ್ಮೆ ಕಣ್ಣು ಹಾಯಿಸಿ.

ದೊಡ್ಡ ಸೆಂಟರ್ ಕೆಟ್ಟದ್ದು, ಗಲ್ಲಿ ಗ್ಯಾರೇಜ್ ಒಳ್ಳೇದು ಅಂತ ನಾನು ಹೇಳ್ತಿಲ್ಲ. ಗಲ್ಲಿಯಲ್ಲಿ ಡೂಪ್ಲಿಕೇಟ್ ಸ್ಪೇರ್ ಹಾಕೋರೂ ಇದ್ದಾರೆ. ವ್ಯತ್ಯಾಸ ಇಷ್ಟೇ: ಗಲ್ಲಿಯಲ್ಲಿ ಸ್ಟೂಲ್ ಹಾಕಿಕೊಂಡು ಗಾಡಿ ಪಕ್ಕ ಕೂರ್ತೀವಿ, ಅಲ್ಲಿ ಎಸಿ ರೂಮಿನಲ್ಲಿ ಕಾಫಿ ಕೊಟ್ಟು ಕೂರಿಸ್ತಾರೆ. ಕಾಫಿ ಚೆನ್ನಾಗೇ ಇರುತ್ತೆ, ಗಾಡಿ ಕಾಣಲ್ಲ.

ಈಗ ಜಾಬ್ ಕಾರ್ಡ್‌ಗೆ ಸಹಿ ಹಾಕೋ ಮೊದಲು 'ಬದಲಿಸಿದ ಎಲ್ಲ ಹಳೇ ಭಾಗ ವಾಪಸ್ ಕೊಡಬೇಕು' ಅಂತ ನಾನೇ ಪೆನ್ನಲ್ಲಿ ಬರೀತೀನಿ. ಬಾಯಲ್ಲಿ ಹೇಳಿದ್ರೆ ಸಂಜೆ ಹೊತ್ತಿಗೆ 'ಅಯ್ಯೋ, ಕಸಕ್ಕೆ ಹೋಯ್ತಲ್ಲ ಸರ್' ಆಗುತ್ತೆ. ಬದಲಾಗಬಹುದಾದ ಭಾಗದ ಮೇಲೆ, ಕಾಣೋ ಜಾಗ ಇದ್ರೆ, ಪೇಂಟ್ ಮಾರ್ಕರ್‌ನಿಂದ ಒಂದು ಚುಕ್ಕಿ ಇಟ್ಟು ಫೋಟೊ ತಗೋತೀನಿ. ವಾಪಸ್ ಬಂದ ಹಳೇ ಭಾಗ ನಮ್ಮ ಗಾಡಿಯದ್ದೇನಾ, ಮೂಲೆಯಲ್ಲಿ ಬಿದ್ದಿದ್ದ ಇನ್ಯಾರದ್ದೋ ಗಾಡಿಯದ್ದಾ ಅಂತ ಆ ಚುಕ್ಕಿ ಹೇಳುತ್ತೆ. ಫೋನ್‌ನಲ್ಲಿ 'ಚೇಂಜ್ ಮಾಡ್ಲಾ' ಅಂತ ಕೇಳಿದ್ರೆ, ವಾಟ್ಸ್ಆ್ಯಪ್‌ನಲ್ಲಿ ಫೋಟೊ, ರೇಟು ಹಾಕಿ ಅಂತೀನಿ. ತಂಗಿ ಈಗ ಪ್ರತಿ ತಿಂಗಳು ಮೊದಲನೇ ಭಾನುವಾರ ಬ್ರೇಕ್‌ನ ಬಾಣ ನೋಡ್ತಾಳೆ. ಅವಳ ಆಫೀಸಿನಲ್ಲಿ ಸ್ಕೂಟರ್ ಓಡಿಸೋ ಇನ್ನೂ ನಾಲ್ಕು ಜನರಿಗೆ ತೋರಿಸಿಕೊಟ್ಟಿದ್ದಾಳಂತೆ. ಅದರಲ್ಲಿ ಒಬ್ಬರ ಗಾಡಿಯ ಬಾಣ ಗೆರೆ ಮೇಲೇ ಇತ್ತು.

ಹೀಗೆ ಬಂದ ಹಳೇ ಬೆಲ್ಟು, ಪ್ಲಗ್ಗು, ಫಿಲ್ಟರ್ ಎಲ್ಲ ಬಾಲ್ಕನಿಯ ಒಂದು ಬಕೆಟ್‌ನಲ್ಲಿ ಸೇರ್ತಿವೆ. 'ಗುಜರಿ ಅಂಗಡಿ ಇಡ್ತೀಯೇನೋ?' ಅಂತ ಅಮ್ಮ ದಿನಾ ಬೈತಾರೆ. ಮೊನ್ನೆ ಗುಜರಿಯವನು ಬಂದಾಗ ಬಕೆಟ್ ಎತ್ತಿ ಕೊಡೋಕೂ ಹೋಗಿದ್ರು. 1.7 ಮಿಲಿಮೀಟರಿನ ಆ ಶೂ ಜೋಡಿ ಮಾತ್ರ ಕೊಡಬೇಡ ಅಂತ ತಂಗಿ ತೆಗೆದಿಟ್ಟುಕೊಂಡಳು.